ಮೀಸೆ ಇಲ್ಲದ ಭಾವಮೈದ

ನಲ್ಲಂಪಳ್ಳಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ತಿಮ್ಮಪ್ಪನಿಗೆ ಯಾರನ್ನೂ ಏನನ್ನೂ ಕೇಳುವ ಅಭ್ಯಾಸವಿರಲಿಲ್ಲ. ಬುದ್ಧಿ ಇದ್ದವನು ನೋಡಿಯೇ ತಿಳಿದುಕೊಳ್ಳುತ್ತಾನೆ ಎಂಬುದು ಅವನ ಸಿದ್ಧಾಂತ. (ಪಂಕ್ಚರ್ ಎಲ್ಲಿದೆಯೆಂದು ಮಾತ್ರ ನೀರಿನಲ್ಲಿ ಅದ್ದಿ ನೋಡುತ್ತಿದ್ದ. ಟ್ಯೂಬಿಗೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ಸಿಗುತ್ತಿರಲಿಲ್ಲ.)

ಆ ದಿನ ಧರ್ಮಪುರಿ ಸ್ಟ್ಯಾಂಡಿನಿಂದ ಅವನ ಬಸ್ಸು ಹೊರಡುತ್ತಿದ್ದಾಗ, ಮಾವನ ಊರಾದ ಪಾಪಿರೆಡ್ಡಿಪಟ್ಟಿಯ ಬಸ್ಸಿನಿಂದ ಹೆಂಡತಿಯ ತಮ್ಮ ಮುನಿರಾಜು ಇಳಿಯುತ್ತಿರುವುದು ಕಂಡಿತು. ತಲೆ ನುಣ್ಣಗೆ. ಮೀಸೆಯೂ ಇಲ್ಲ! ಕೂಗಿ ಕೇಳಬಹುದಿತ್ತು. ತಿಮ್ಮಪ್ಪ ಯೋಚಿಸಿದ. ದೇವರಿಗೆ ಮುಡಿ ಕೊಟ್ಟಿದ್ದರೆ ತಲೆಯ ಮೇಲೆ ಗಂಧ ಇರಬೇಕಿತ್ತು, ಇಲ್ಲ. ಪ್ರಾಣದಂತೆ ಸಾಕಿದ ಮೀಸೆಯನ್ನು ಗಂಡಸು ತೆಗೆಸುವುದು ಅಪ್ಪ ಸತ್ತಾಗ. ಆದ್ದರಿಂದ ಮಾವ ಕುಪ್ಪಸ್ವಾಮಿ ಕಾಲವಾಗಿದ್ದಾರೆ! ಹೇಳಿ ಕಳಿಸಲಿಲ್ಲವೇಕೆ? ಕಳೆದ ಬಾಡೂಟದಲ್ಲಿ ಈಲಿ, ಅಂದರೆ ಮರಿಯ ಲಿವರ್, ಕಮ್ಮಿ ಬಡಿಸಿದರೆಂದು ತಾನು ಎಲೆ ಬಿಟ್ಟು ಎದ್ದು ಬಂದು, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲವಲ್ಲ, ಆ ಸಿಟ್ಟಿಗೆ. ಎಲ್ಲ ಎಷ್ಟು ಚೆನ್ನಾಗಿ ಕೂತಿತೆಂದರೆ, ದುಃಖದ ನಡುವೆಯೂ ಅವನಿಗೆ ತುಸು ಹೆಮ್ಮೆಯಾಯಿತು.

ಮನೆಗೆ ಬಂದು ಹೆಂಡತಿ ರಾಜಾತಿಗೆ ಹೇಳಿದ.

"ಯಾರ್ ಏಳಿದ್ದು ನಿಮ್ಗೆ?"

"ಯಾರೂ ಏಳ್ಬೇಕಾಗಿಲ್ಲ. ನಿನ್ ತಮ್ಮಂಗೆ ಮೀಸೆ ಇಲ್ಲ."

"ಮೀಸೆ ಇಲ್ದಿದ್ರೆ?"

"ಮೀಸೆ ಇಲ್ಲ ಅಂದ್ರೆ ಅಪ್ಪ ಇಲ್ಲ. ಅಷ್ಟೂ ತಿಳಿಯಾಕಿಲ್ವಾ?"

ರಾಜಾತಿ ಒಲೆ ಆರಿಸಿ, ಅಳುತ್ತಾ ಹೊರಟು ನಿಂತಳು. ತಿಮ್ಮಪ್ಪ ದೊಡ್ಡ ಹಾರ, ಹೆಣಕ್ಕೆ ಹೊದಿಸುವ ಹೊಸ ಪಂಚೆ ಎಲ್ಲ ಕೊಂಡು ಹೆಂಡತಿಯೊಂದಿಗೆ ಬಸ್ಸು ಹತ್ತಿದ. ಮಾವನ ಬೀದಿಯಲ್ಲಿ ಚಪ್ಪರವಿಲ್ಲ, ತಮಟೆಯಿಲ್ಲ. ಮಣ್ಣು ಮಾಡಿಯಾಯಿತು ಎಂದು ಅದನ್ನೂ ತೀರ್ಮಾನಿಸಿದ.

ಬೀದಿಯ ತಿರುವಿನಲ್ಲೇ ರಾಜಾತಿ ಮುಡಿ ಬಿಚ್ಚಿ, ಎದೆ ಬಡಿದುಕೊಂಡು ಒಪ್ಪಾರಿ ಶುರು ಮಾಡಿದಳು. ಒಪ್ಪಾರಿಯಲ್ಲಿ ಸತ್ತವರ ಗುಣದ ಜೊತೆ ಬದುಕಿರುವವರ ಕಷ್ಟವನ್ನೂ ಹಾಡಿಕೊಂಡು ಅಳುತ್ತಾರೆ. ಈ ಒಂದು ಅಂಶ ತಿಮ್ಮಪ್ಪನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

"ನನ್ನೆತ್ತ ಅಪ್ಪಾ, ಚಿನ್ನದಂತ ಅಪ್ಪಾ,
ಎಂತಾವ್ನಿಗೆ ನನ್ನ ಕೊಟ್ಟು ಓದ್ಯಪ್ಪಾ!
ಇವ್ನ್ ಗೊರ್ಕೆಗೆ ಮನೆ ಎಂಚೆಲ್ಲ ಅದುರ್ತಾವಪ್ಪಾ,
ಮಕ್ಳ್ ಪಾಲಿನ್ ಮೊಟ್ಟೆ ಕದ್ದು ತಿಂತಾನಪ್ಪಾ!
ಒಂದ್ ತುಂಡ್ ಈಲಿಗೆ ನನ್ ತವ್ರ್ ಬಾಗ್ಲು ಮುಚ್ಚುದ್ನಪ್ಪಾ!"

ಬೀದಿಯ ಹೆಂಗಸರೆಲ್ಲ ಹೊರಗೆ ಬಂದರು. "ಲೇ, ಮೆತ್ತಗೆ" ಎಂದ ತಿಮ್ಮಪ್ಪ. ರಾಗ ಇನ್ನೂ ಏರಿತು. ಅಷ್ಟರಲ್ಲಿ ಮಾವನ ಮನೆಯ ಬಾಗಿಲು ತೆರೆಯಿತು. ಬೋಳುತಲೆಯ, ಮೀಸೆಯಿಲ್ಲದ ಕುಪ್ಪಸ್ವಾಮಿಯವರು ಹೊರಗೆ ಬಂದು, ಕಂಬಕ್ಕೆ ಒರಗಿ ಮಗಳ ಪದವನ್ನು ಗಮನವಿಟ್ಟು ಕೇಳತೊಡಗಿದರು.

"ನಿಲ್ಸೇ! ನಿಮ್ಮಪ್ಪ ಅವ್ರೆ!" ತಿಮ್ಮಪ್ಪ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟ. ರಾಜಾತಿ ತಲೆಯೆತ್ತಿ ನೋಡಿ, ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡು ಈಗ ನಿಜವಾಗಿ ಅತ್ತಳು.

"ವಾ ಮಾಪ್ಳೆ, ಬಾಪ್ಪಾ ಅಳಿಯ," ಎಂದರು ಮಾವ. "ನಿಮ್ಮನ್ನ ಕರ್ಕೊಂಡ್ ಬರಾಕೇ ಮುನಿರಾಜನ್ನ ಕಳ್ಸಿದ್ದೆ. ಸಿಗ್ಲಿಲ್ವಾ?"

"ಅವ್ನ್ ತಲೇಲಿ ಗಂಧ ಇರ್ಲಿಲ್ಲ ಮಾಮಾ..."

"ನೆನ್ನೆ ಅಚ್ಚಿದ್ದು. ಇವತ್ತು ಸ್ನಾನ ಮಾಡ್ಬಾರ್ದಾ? ಓದ್ವರ್ಷ ನಿಂಗೆ ಕಾಮಾಲೆ ಆಗಿ ಕಣ್ಣೆಲ್ಲ ಅಳದಿ ಆಗಿತ್ತಲ್ಲ. ಅಳಿಯ ಉಳುದ್ರೆ ಅಪ್ಪ ಮಗ ಇಬ್ರೂ ತಲೆ ಮೀಸೆ ಎಲ್ಲಾ ಕೊಡ್ತೀವಿ ಅಂತ ಮುನಿಯಪ್ಪ ದೇವ್ರಿಗೆ ಅರ್ಕೆ ಕಟ್ಕೊಂಡಿದ್ದೆ. ನೆನ್ನೆ ತೀರ್ತು. ಇವತ್ತು ಮರಿ ಕುಯ್ದಿದೀವಿ."

ತಿಮ್ಮಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತನ್ನ ಜೀವಕ್ಕಾಗಿ ಮೀಸೆ ಕೊಟ್ಟವರ ಮನೆಯಿಂದ ಈಲಿಗಾಗಿ ಎಲೆ ಬಿಟ್ಟು ಎದ್ದಿದ್ದನಲ್ಲ! ಅತ್ತೆ ಎಳೆದು ಕೂರಿಸಿ, ಎಲೆಯ ತುಂಬ ಬರೀ ಈಲಿಯನ್ನೇ ಬಡಿಸಿದರು. ಅವನು ಕತ್ತು ಬಗ್ಗಿಸಿ, ತುಂಡುಗಳನ್ನು ಒಂದೊಂದಾಗಿ ಎಲೆಯ ಅಂಚಿಗೆ ಸರಿಸುತ್ತಾ ಕೂತ.

ಕುಪ್ಪಸ್ವಾಮಿಯವರು ತಮ್ಮ ಹೆಣಕ್ಕೆಂದು ತಂದ ಪಂಚೆಯನ್ನೇ ಉಟ್ಟು ಪಕ್ಕದಲ್ಲಿ ಕೂತು, ಮಗಳನ್ನು ಕರೆದರು.

"ಆ ಈಲಿ ಪದ ಇನ್ನೊಂದ್ಸಲ ಏಳಮ್ಮ. ನಿಮ್ಮವ್ವ ಒಳಗೆ ಸಾರು ಕಲಕ್ತಿದ್ಲು, ಅವ್ಳಿಗೆ ಸರ್ಯಾಗಿ ಕೇಳ್ಲಿಲ್ಲ."