ಕೆಡುವುದನ್ನು ಮೊದಲೇ ಬರೆದಿಡುವ ಸೊಸೆ

ನಮ್ಮ ಸೊಸೆಗೆ ತಿಂಗಳ ಸಂಬಳ ಬರುವುದು ಅಪಶಕುನ ನುಡಿಯುವುದಕ್ಕೆ! ನಗಬೇಡಿ, ನಿಜ. ನಮ್ಮ ತಿಪಟೂರು ಕಡೆ ಬೋರ್‌ವೆಲ್ ಕೊರೆಸುವಾಗ ಯಾರಾದರೂ "ನೀರು ಬರದಿದ್ದರೆ?" ಎಂದು ಬಾಯಿಬಿಟ್ಟರೆ ನಾಲ್ಕು ಕಡೆಯಿಂದ "ಬುಡ್ತು ಅನ್ನು!" ಎಂದು ಗದರುತ್ತಾರೆ. ಕೆಟ್ಟದ್ದು ಆಡಿದ ಬಾಯಲ್ಲೇ "ಬಿಡ್ತು" ಎನ್ನಿಸಿಬಿಟ್ಟರೆ ದೋಷ ಕಳೆಯಿತೆಂದು ಲೆಕ್ಕ. ಇವಳೋ, ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಇಬತ್ತಿ ಇಟ್ಟುಕೊಂಡು, ಮಡಿಲಲ್ಲಿ ಆ ಲ್ಯಾಪ್‌ಟಾಪು ಇಟ್ಟುಕೊಂಡು ಕೂತರೆ ಸಂಜೆಯವರೆಗೂ ಅದೇ ಕೆಲಸ. ಅದು ಮುರಿದರೆ? ಇದು ಬರದಿದ್ದರೆ? ಖಾಲಿ ಕೊಟ್ಟರೆ? ಅಗತ್ಯಕ್ಕಿಂತ ಹೆಚ್ಚು ತುಂಬಿದರೆ? ನಮ್ಮೂರಿನ ಹಲ್ಲಿಗಳೆಲ್ಲ ಸೇರಿ ಲೊಚಗುಟ್ಟಿದರೂ ಇಷ್ಟು ಅಪಶಕುನ ಆಗಲಾರದು.

ಮದುವೆಯಾಗಿ ಬಂದ ಹೊಸತರಲ್ಲಿ ನಾನೇ ಕೇಳಿದೆ, "ಅದೇನು ಕೆಲ್ಸಾನಮ್ಮ ನಿಂದು?"

"ಅತ್ತೆ, ಕಂಪ್ಯೂಟರಿಗೆ ಕೆಲ್ಸ ಹೇಳೋಕೆ ಅಂತ ಒಂದು ಭಾಷೆ ಇರುತ್ತೆ. ಅದು ವರ್ಷಕ್ಕೊಂದ್ಸಲ ಹೊಸದಾಗಿ ಬರುತ್ತೆ, ನಮ್ಮ ಪಂಚಾಂಗ ಬರಲ್ವಾ, ಹಂಗೆ. ಹೊಸದ್ರಲ್ಲಿ ಒಂದಷ್ಟು ಹೊಸ ವಿದ್ಯೆ ಸೇರಿಸ್ತಾರೆ. ಆ ವಿದ್ಯೆ ಸರಿಯಾಗಿದೆಯೋ ಇಲ್ವೋ ಅಂತ ಪರೀಕ್ಷೆ ಮಾಡ್ಬೇಕಲ್ಲ? ಹಿಂಗೆ ಮಾಡಿದ್ರೆ ಹಿಂಗೇ ಬರ್ಬೇಕು, ತಪ್ಪು ಮಾಡಿದ್ರೆ ಇಂಥ ಮಾತೇ ಹೇಳ್ಬೇಕು ಅಂತ ಬರೆದಿಡೋದು ನನ್ನ ಕೆಲ್ಸ."

"ಆ ವಿದ್ಯೆ ಮಾಡಿ ಮುಗ್ಸವ್ರಾ?"

"ಇನ್ನೂ ಇಲ್ಲ. ಮೊದ್ಲು ನಾನು ಬರೀಬೇಕು. ಆಮೇಲೆ ಅವ್ರು ಮಾಡ್ತಾರೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾನು ಕಂಡಿದ್ದೇನೆ. ಕೂಸು ಹುಟ್ಟುವ ಮುಂಚೆ ಆ ಕುಲಾವಿ ಎಲ್ಲೆಲ್ಲಿ ಹರಿಯಬಹುದು ಎಂದು ಬರೆದಿಡುವವಳನ್ನು ಕಂಡದ್ದು ಇವಳೊಬ್ಬಳನ್ನೇ!

ಇಂಥವಳ ಕೈಗೆ ಈಗ ನಮ್ಮ ಯಜಮಾನರು ಸಿಕ್ಕಿಬಿದ್ದಿದ್ದಾರೆ.

ಹೋದ ದೀಪಾವಳಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಕೈಕಾಲು ಅಷ್ಟಿಷ್ಟು ತಿರುಗಿ ಬಂದವು. ಮಾತು ಬರಲಿಲ್ಲ. ದೇವರ ಹೆಸರು ಹೋಯಿತು, ಮಗನ ಹೆಸರು ಹೋಯಿತು, ಒಂದೇ ಒಂದು ಬೈಗುಳ ಮಾತ್ರ ಕಲ್ಲಿನ ಹಾಗೆ ನಿಂತಿತು: "ಬಡ್ಡೆತ್ತದೆ." ಆಯುಷ್ಯವೆಲ್ಲ ಕೊಬ್ಬರಿ ವ್ಯಾಪಾರಿಗಳ ಜೊತೆ ಗುದ್ದಾಡಿದ ಬಾಯಿ; ಯಾವುದು ಹೆಚ್ಚು ಬಳಕೆಯಲ್ಲಿತ್ತೋ ಅದು ಉಳಿಯಿತು, ಅಷ್ಟೇ. "ದಿನಾ ಮಾತಾಡಿಸ್ತಾ ಇರಿ, ಬಂದ್ರೂ ಬರಬಹುದು" ಎಂದರು ಡಾಕ್ಟರು. ನನಗೇನು ಅವರಿಂದ ಭಾಷಣ ಬೇಕಿರಲಿಲ್ಲ. ತೋಟದಿಂದ ಬಂದು ಜಗಲಿಯ ಮೇಲೆ ನಿಂತು "ಏಯ್" ಎಂದು ಒಂದು ಕೂಗು ಹಾಕುತ್ತಿದ್ದರಲ್ಲ, ಅದೊಂದು ಬಂದರೆ ಸಾಕಾಗಿತ್ತು. ಪ್ರೀತಿ ಗೀತಿ ಅಂತೆಲ್ಲ ಅಂದುಕೊಳ್ಳಬೇಡಿ! ಆ ಕೂಗಿಲ್ಲದೆ ಕಾಫಿಗೆ ಎಷ್ಟು ಹೊತ್ತಿಗೆ ಇಡಬೇಕೆಂದೇ ತಿಳಿಯುತ್ತಿರಲಿಲ್ಲ.

"ಮಾವನ ಮಾತು ನನಗೆ ಬಿಡಿ ಅತ್ತೆ" ಎಂದಳು ಸೊಸೆ. ನನಗೆ ದಿಗಿಲಾಯಿತು. ಯಾಕೆಂದು ಕೇಳುತ್ತೀರಾ? ಇವಳು ಕೈ ಹಾಕಿದ ಕೆಲಸಗಳ ಚರಿತ್ರೆ ನಿಮಗೆ ಗೊತ್ತಿಲ್ಲ.

ನಮ್ಮಲ್ಲಿ ತೆಂಗಿನಕಾಯಿ ಎಣಿಸುವಾಗ ಮೊದಲನೆಯದಕ್ಕೆ "ಒಂದು" ಅನ್ನುವುದಿಲ್ಲ, "ಲಾಭ" ಅನ್ನುತ್ತೇವೆ. ಲಾಭ, ಎರಡು, ಮೂರು. ಒಂದು ದಿನ ಕಣದಲ್ಲಿ ಎಣಿಕೆ ನಡೆದಿತ್ತು. ಇವಳು ಕೂತು ಕೇಳಿದಳು, ಕಣ್ಣು ಅರಳಿಸಿದಳು. "ಅಯ್ಯೋ ಎಷ್ಟು ಚೆನ್ನಾಗಿದೆ ಅತ್ತೆ! ನಮ್ಮ ಕಂಪ್ಯೂಟರ್ ಭಾಷೆಲಿ ಎಣಿಕೆ ಸೊನ್ನೆಯಿಂದ ಶುರು, ನಿಮ್ದು ಲಾಭದಿಂದ ಶುರು!" ಅಷ್ಟಕ್ಕೇ ಸುಮ್ಮನಾಗಿದ್ದರೆ ಇವಳನ್ನು ಸೊಸೆ ಅನ್ನುತ್ತಿದ್ದೆ. ಎಣಿಸುವವನ ಕಡೆ ತಿರುಗಿದಳು.

"ಅಣ್ಣ, ಒಂದು ಕಾಯೂ ಇಲ್ಲ ಅಂತ ಇಟ್ಕಳಿ. ಆಗ ಎಣಿಕೆ ಹೆಂಗೆ ಶುರು ಮಾಡ್ತೀರಾ?"

ಅವನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟ. "ಒಂದು ಕಾಯೂ ಇಲ್ದಿದ್ರೆ ನಾನ್ಯಾಕವ್ವಾ ಬರ್ಲಿ?"

ಇವಳು ಅದನ್ನೂ ಬರೆದುಕೊಂಡಳು. ಅಷ್ಟರಲ್ಲಿ ಅವನಿಗೆ ಎಣಿಕೆ ತಪ್ಪಿ, ರಾಶಿಯನ್ನು ಮತ್ತೆ ಲಾಭದಿಂದ ಶುರು ಮಾಡಬೇಕಾಯಿತು.

ಇವಳಿಗೆ ಫೋನಿನ ಸಿಗ್ನಲ್ ಸಿಗುವುದು ಹಿತ್ತಿಲ ದೊಡ್ಡ ತೆಂಗಿನ ಮರದ ಬುಡದಲ್ಲಿ. ಅಲ್ಲಿ ಕೂರುವ ಮುಂಚೆ ಮೇಲೆ ನೋಡುತ್ತಾಳೆ, ಕೂತ ಮೇಲೆ ನೋಡುತ್ತಾಳೆ, ಮಾತಿನ ಮಧ್ಯೆ ನೋಡುತ್ತಾಳೆ. ಆ ಕಡೆ ವೀಡಿಯೋದಲ್ಲಿ ನೋಡುವ ಇವಳ ಕಂಪನಿಯ ಪರದೇಶದವರು ಇವಳಿಗೆ ಭಾರಿ ದೈವಭಕ್ತಿ ಎಂದುಕೊಂಡಿರಬೇಕು! ನಾನು ಸಮಾಧಾನ ಹೇಳಿದೆ, "ಹೆದ್ರಬೇಡ ಕಣೇ, ಕಾಯಿಗೆ ಕಣ್ಣೈತೆ. ತಲೆ ಇರೋ ಕಡೆ ನೋಡಿ ಬೀಳಕಿಲ್ಲ."

"ಅದನ್ನ ಯಾರಾದ್ರೂ ಪರೀಕ್ಷೆ ಮಾಡಿದಾರಾ ಅತ್ತೆ?"

"ಮಾಡಿರ್ತಾರೆ. ತಲೆ ಮ್ಯಾಲೆ ಬಿದ್ದೋರು ಯಾರೂ ಬಂದು ಹೇಳಿಲ್ಲ, ಅಷ್ಟೆಯಾ."

ಆವತ್ತಿನಿಂದ ಹೆಲ್ಮೆಟ್ ಹಾಕಿಕೊಂಡು ಕೂರುತ್ತಾಳೆ. ಮಗನ ಸ್ಕೂಟರಿನದು.

ಇನ್ನು ಅಟ್ಟದ ಕಥೆ. ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಒಡೆಯಬೇಕಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ಒಳಗೆ ಗಟಗಟ ಎಂದರೆ ಕೊಬ್ಬರಿ, ನೀರು ಕುಲುಕಿದರೆ ಇನ್ನೂ ಕಾಯಬೇಕು. ಇದನ್ನು ನಾನು ಇವಳಿಗೆ ಹೇಳಿಕೊಟ್ಟದ್ದೇ ತಪ್ಪಾಯಿತು. ಒಂದು ಭಾನುವಾರ ಅಟ್ಟ ಹತ್ತಿದವಳು ಇಳಿದದ್ದು ದೀಪ ಹಚ್ಚುವ ಹೊತ್ತಿಗೆ, ತಲೆ ತುಂಬ ಧೂಳು, ಮುಖ ತುಂಬ ನಗು. ಒಂದೊಂದು ಕಾಯಿಯನ್ನೂ ಅಲ್ಲಾಡಿಸಿ ಸೀಮೆಸುಣ್ಣದಲ್ಲಿ "ಪಾಸು", "ಫೇಲು" ಎಂದು ಬರೆದಿದ್ದಳು! ಮಾರನೆಯ ವಾರ ಕೊಬ್ಬರಿ ವ್ಯಾಪಾರಿ ಬಂದ. ಅಟ್ಟಕ್ಕೆ ಇಣುಕಿದ. "ಪಾಸಾಗಿರೋವು ನನಗಿರ್ಲಿ ಕಣ್ರೀ" ಎಂದ. ನನ್ನ ಮಗ "ಫೇಲಾಗಿರೋವು ಇನ್ನೆರಡು ತಿಂಗ್ಳಿಗೆ ಕೊಬ್ಬರಿ ಆಯ್ತವೆ, ಈಗ್ಲೇ ದರ ಮಾತಾಡಾನ" ಎಂದರೆ ಆ ವ್ಯಾಪಾರಿ ಹೇಳಿದ್ದೇನು ಗೊತ್ತೇ? "ನಿಮ್ಮನೆ ಹೆಣ್ಮಗಳೇ ಫೇಲು ಅಂತ ಬರೆದವ್ಳೆ, ನಾನೆಂಗಪ್ಪ ಪಾಸ್ ಮಾಡ್ಲಿ?"

ಬೈದೆ. ಬೈಯದೆ ಇರುತ್ತೀನಾ? "ಮನೆಹಾಳಿ!" ಎಂದೆ. ಅವಳು ಅಳಲಿಲ್ಲ, ಎದುರು ಮಾತಾಡಲಿಲ್ಲ. ತಲೆ ಓರೆ ಮಾಡಿ ಯೋಚಿಸಿದಳು. "ಅತ್ತೆ, ಮನೆಹಾಳಿ ಅಂದ್ರೆ ಎಲ್ಲಿ ಏನು ತಪ್ಪಾಯ್ತು ಅಂತ ಗೊತ್ತಾಗಲ್ಲ. ಬೈಗುಳದಲ್ಲಿ ಏನಾಯ್ತು, ಎಲ್ಲಾಯ್ತು, ಏನು ಮಾಡಬೇಕಿತ್ತು, ಮೂರೂ ಇರ್ಬೇಕು. ನಾವು ಭಾಷೆಗೂ ಹಂಗೇ ಬರೀತೀವಿ." ಆಯಿತು ತಾಯಿ ಎಂದು ನಾನೂ ಪ್ರಯತ್ನಿಸಿದೆ. "ನೋಡಮ್ಮ, ನೀನು ಅಟ್ಟದ ಮ್ಯಾಲೆ, ಇನ್ನೂ ಕೊಬ್ಬರಿ ಆಗ್ದಿರೋ ಕಾಯಿಗೆ ಫೇಲು ಅಂತ ಬರೆದೆ, ಅದರ ಬದ್ಲು..." ಅಷ್ಟು ಹೇಳುವುದರೊಳಗೆ ಸಿಟ್ಟೇ ಇಳಿದುಹೋಯಿತು. ಇಂಥ ಬೈಗುಳದಲ್ಲಿ ಏನು ರುಚಿ ಇದೆ, ನೀವೇ ಹೇಳಿ!

ಈಗ ತಿಳಿಯಿತಲ್ಲ, ಯಜಮಾನರ ಮಾತು ಇವಳ ಕೈಗೆ ಹೋದಾಗ ನನಗೇಕೆ ದಿಗಿಲಾಯಿತೆಂದು?

ಶುರುವಾಯಿತು ಪರೀಕ್ಷೆ. ದಿನಕ್ಕೆ ಒಂದೇ ಹೊಸದು, ಹೆಚ್ಚಿಲ್ಲ. ಮೊದಲು ಕಂಪ್ಯೂಟರಿನಲ್ಲಿ ಬರೆಯುತ್ತಾಳೆ: ತೋರಿಸುವುದು ಚೊಂಬು, ಬರಬೇಕಾದ್ದು "ನೀರು". ಆಮೇಲೆ ಮಂಚದ ಹತ್ತಿರ ಹೋಗಿ ಚೊಂಬು ತೋರಿಸುತ್ತಾಳೆ. ಬಂದದ್ದು "ಬಡ್ಡೆತ್ತದೆ". ಅದನ್ನೂ ಬರೆಯುತ್ತಾಳೆ. ಒಂದು ದಿನ ಕಾಫಿ ಲೋಟ ತೋರಿಸಿದಳು, ಬಂದದ್ದು ಅದೇ. ನೋಡಿದರೆ ಕಾಫಿ ಆರಿ ತಣ್ಣಗಾಗಿತ್ತು. ಹಾಗಾದರೆ ಮಾವ ತಪ್ಪಿ ಬೈದರೋ, ಸರಿಯಾಗಿಯೇ ಬೈದರೋ? ಇದು ಪಾಸೋ ಫೇಲೋ ಎಂದು ಅರ್ಧ ಮಧ್ಯಾಹ್ನ ಕೂತು ಯೋಚಿಸಿದಳು.

ಹೊಸದನ್ನು ಕಲಿಸುವ ಭರದಲ್ಲಿ ಹಳೆಯದು ಕೆಡಬಾರದಂತೆ. ಅವಳ ಕೆಲಸದಲ್ಲಿ ಅದು ದೊಡ್ಡ ನಿಯಮವಂತೆ. ಹೊಸ ಭಾಷೆ ಬಂತೆಂದು ಹೋದ ವರ್ಷ ಓಡುತ್ತಿದ್ದದ್ದು ಈ ವರ್ಷ ನಿಲ್ಲಬಾರದು. ಆದ್ದರಿಂದ ದಿನಾ ಬೆಳಿಗ್ಗೆ ಮೊದಲ ಕೆಲಸವೇ ಹಳೆಯದನ್ನು ನೋಡುವುದು. "ಮಾವ, ಎಲ್ಲಿ, ಒಂದ್ಸಲ ಬೈರಿ ನೋಡಾಣ!" ಮಾವ ಬೈಯುತ್ತಾರೆ. ಸೊಸೆ ಚಪ್ಪಾಳೆ ತಟ್ಟುತ್ತಾಳೆ. ಇಡೀ ತಾಲ್ಲೂಕಿನಲ್ಲಿ ಮಾವನ ಬಾಯಲ್ಲಿ ಬೇಡಿ ಬೈಸಿಕೊಳ್ಳುವ ಸೊಸೆ ಇನ್ನೊಬ್ಬಳಿದ್ದರೆ ತೋರಿಸಿ!

ಇದೇ ಹೊತ್ತಿಗೆ ಒಂದು ದಿನ ಮಠದ ಅಯ್ಯನವರು ನೋಡಲು ಬಂದರು. ತಲೆಯ ಮೇಲೆ ಕೈಯಿಟ್ಟು "ಹೆಂಗಿದ್ದೀಯಪ್ಪಾ?" ಎಂದರು. ನಮ್ಮವರು ಕಣ್ಣಲ್ಲಿ ನೀರು ತುಂಬಿಕೊಂಡು, ಭಕ್ತಿಯಿಂದ, "ಬಡ್ಡೆತ್ತದೆ" ಎಂದರು. ನಾನು ನೆಲ ಬಿರಿಯಬಾರದೇ ಎಂದು ನಿಂತಿದ್ದರೆ ಈ ಪುಣ್ಯಾತ್ಗಿತ್ತಿ, "ಬಂತು! ನಿನ್ನೆ ಬಂದಿದ್ದು ಇವತ್ತೂ ಬಂತು ಅಯ್ಯನೋರೇ!" ಎಂದು ಕುಣಿದಳು. ಅಯ್ಯನವರು ತಲೆಯ ಮೇಲಿಂದ ಕೈ ತೆಗೆದರು. "ಒಳ್ಳೇದು ಕಣವ್ವ. ಆಶೀರ್ವಾದ ಅವ್ನಿಗೆ ತಲುಪೈತೆ. ಅವಂದು ನನಗೂ ತಲುಪ್ತು" ಎಂದು ಹೇಳಿ ಎದ್ದರು.

ಮೆಲ್ಲಗೆ "ನೀ" ಬಂತು. ಬಹಳ ದಿನದ ಮೇಲೆ ಅದಕ್ಕೆ "ರು" ಸೇರಿತು. ಆಗ ಸೊಸೆ ನನ್ನ ಹತ್ತಿರ ಬಂದಳು.

"ಅತ್ತೆ, ಮಾವ ನಿಮ್ಮನ್ನ ಏನಂತ ಕರೀತಿದ್ರು?"

"ಏಯ್ ಅಂತ."

"ಅಷ್ಟೇನಾ? ಹೆಸ್ರು?"

"ಹೆಸ್ರು ಯಾಕೆ? ಏಯ್ ಅಂದ್ರೆ ತಿರುಗ್ತಿದ್ದೋಳು ನಾನೊಬ್ಳೇ. ಹೆಸ್ರು ಎಮ್ಮೆಗಿತ್ತು."

ಅವಳು ನಗಲಿಲ್ಲ. ಬರೆದುಕೊಂಡಳು: ಅತ್ತೆ ಮಂಚದ ಮುಂದೆ ಹಾದುಹೋಗಬೇಕು, ಬರಬೇಕಾದ್ದು "ಏಯ್". ಅಲ್ಲಿಂದ ನನಗೆ ಗ್ರಹಚಾರ! ಸಂಜೆಯಾದರೆ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಅವರು ನನ್ನನ್ನೇ ನೋಡುತ್ತಾರೆ. ತುಟಿ ಅಲ್ಲಾಡುತ್ತದೆ. ಏನೂ ಬರುವುದಿಲ್ಲ. ಒಂದು ದಿನವಂತೂ ಮುಖವನ್ನೇ ಗೋಡೆಯ ಕಡೆ ತಿರುಗಿಸಿಬಿಟ್ಟರು. ನನಗೂ ರೇಗಿತು.

"ಆ ಏಯ್ ಒಂದನ್ನ ತೆಗೆದಾಕಮ್ಮ. ದಿನಾ ಫೇಲು ಫೇಲು ಅಂತ ಯಾಕೆ ಬರ್ಕೊಂಡು ಕುಂತೀಯ?"

"ಫೇಲಾಗುತ್ತೆ ಅಂತ ತೆಗೆಯಲ್ಲ ಅತ್ತೆ. ನಮ್ಮ ಭಾಷೆಲೂ ಅಂಥವು ಇರ್ತವೆ. 'ಇನ್ನೂ ಆಗಿಲ್ಲ' ಅಂತ ಗುರುತು ಹಾಕಿ ಇಟ್ಟಿರ್ತೀವಿ. ದಿನಾ ನೋಡ್ತೀವಿ."

"ಆಗಕಿಲ್ಲ ಬುಡು. ಇವರ ಮಾತು ಇಷ್ಟಕ್ಕೇ ಮುಗೀತು."

ಎದ್ದು ನಿಂತಳು. ಅವಳ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬಿಡ್ತು ಅನ್ನಿ ಅತ್ತೆ!"

ಅಂದೆ. ಏನು ಮಾಡಲಿ?

ಮಾರನೆಯ ಸಂಜೆ ಮತ್ತೆ ನಡೆಸಿದಳು. ಒಲೆಯ ಮೇಲೆ ಹುರುಳಿಕಾಳು ಇಟ್ಟು ಬಂದಿದ್ದೆ. "ಇನ್ನೊಂದ್ಸಲ ಅತ್ತೆ. ಸ್ವಲ್ಪ ನಿಧಾನಕ್ಕೆ." ನಡೆದೆ. "ಇನ್ನೊಂದ್ಸಲ." ಮಂಡಿ ಚಳುಕು ಹಿಡಿದು ಗೋಡೆಗೆ ಕೈ ಕೊಟ್ಟು ನಿಂತೆ. ಅವರು ನೋಡುತ್ತಿದ್ದರು. ಎಡಗೈ ಎತ್ತಿ ಮಂಚದ ಅಂಚನ್ನು ತಟ್ಟಿದರು. ಬಾಯಿ ಸೊಟ್ಟಗಾಯಿತು, ಕತ್ತಿನ ನರ ಉಬ್ಬಿತು. ಸೊಸೆ ಅಲ್ಲಿಂದಲೇ "ಏ... ಏ..." ಎಂದು ತುಟಿ ಆಡಿಸುತ್ತಿದ್ದಾಳೆ.

"ಕುಂ... ಕುಂತ್ಕ" ಎಂದರು.

ಆಮೇಲೆ ಸೊಸೆ ಪರದೆ ನೋಡಿಕೊಂಡು, ಮೂಗು ಎಳೆದುಕೊಂಡು ಹೇಳಿದಳು, "ಬರಬೇಕಾದ್ದು ಏಯ್. ಬಂದಿದ್ದು ಕುಂತ್ಕ. ಫೇಲು ಅತ್ತೆ."

"ಫೇಲಾದ್ರೆ ಏನು ಮಾಡ್ತೀರಿ ನೀವು?"

"ಎರಡ್ರಲ್ಲಿ ಒಂದು ತಪ್ಪಿರುತ್ತೆ. ಆ ವಿದ್ಯೆ ತಪ್ಪಿರ್ಬೇಕು, ಇಲ್ಲಾ ನಾವು ಬರೆದಿದ್ದು ತಪ್ಪಿರ್ಬೇಕು." ಕಣ್ಣೊರೆಸಿಕೊಂಡು ಅದೇನನ್ನೋ ಒತ್ತಿ, ಬರೆದದ್ದನ್ನು ಅಳಿಸಿದಳು. "ನಾನು ಬರೆದಿದ್ದೇ ತಪ್ಪು."

ಈ ಮನೆಗೆ ಬಂದಾಗಿನಿಂದ ಅವರು ಕೂತರೆ ನಾನು ನಿಂತವಳು. ಬಡಿಸುವಾಗ ನಿಂತೆ, ಲೆಕ್ಕ ಹೇಳುವಾಗ ನಿಂತೆ, ಆಸ್ಪತ್ರೆಯಲ್ಲೂ ಮಂಚದ ಪಕ್ಕ ನಿಂತೇ ಇದ್ದೆ. ಕೂತ್ಕೋ ಎಂದು ಯಾರೂ ಹೇಳಿರಲಿಲ್ಲ, ಹೇಳಲಿ ಎಂದು ನಾನೂ ಕಾದಿರಲಿಲ್ಲ.

"ಒಲೆ ಮ್ಯಾಲೆ ಕಾಳೈತೆ ಕಣ್ರೀ" ಎಂದೆ.

ಅವರು ಮತ್ತೆ ಮಂಚದ ಅಂಚನ್ನು ತಟ್ಟಿದರು.

ಕುಳಿತೆ. ಸ್ವಲ್ಪ ಹೊತ್ತಿಗೆ ಹುರುಳಿಕಾಳು ತಳ ಹಿಡಿಯುವ ವಾಸನೆ ಬಂತು. ಮೂವರಿಗೂ ಬಂತು. ಒಬ್ಬರೂ ಏಳಲಿಲ್ಲ.