ಸೌಂಡು ಸರಿಯಿಲ್ಲ

ಒಳ್ಳೆಯ ಪ್ರಿಂಟು ಯಾವುದು, ಕೆಟ್ಟ ಪ್ರಿಂಟು ಯಾವುದು ಎಂದು ಬಿಡಿಸಿ ಹೇಳಬಲ್ಲವನು ಇಡೀ ಪೆರಂಬೂರಿನಲ್ಲಿ ನಾನೊಬ್ಬನೇ ಇದ್ದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಸಂಕಟದಿಂದ ಹೇಳುತ್ತಿದ್ದೇನೆ. ಉಳಿದವರೆಲ್ಲ ಸಿನಿಮಾ ನೋಡಿ ಅಳುತ್ತಿದ್ದರು, ನಗುತ್ತಿದ್ದರು, ಎದ್ದುಹೋಗಿ ಹಾಯಾಗಿ ಊಟ ಮಾಡುತ್ತಿದ್ದರು. ನಾಯಕಿ ಸಾಯುವ ಹೊತ್ತಿಗೆ ಅವಳ ಸೀರೆಯ ಕೆಂಪು ಬಣ್ಣ ಪಕ್ಕದ ಗೋಡೆಗೆ ಸೋರುತ್ತಿರುವುದು ನನ್ನೊಬ್ಬನಿಗೇ ಕಾಣುತ್ತಿತ್ತು. ಅವಳ ಸಾವಿಗೆ ನಾನು ಹೇಗೆ ಅಳಲಿ?

ಎಂಬತ್ತೈದನೇ ಇಸವಿಯ ಮಾತು. ನಾನು ಪಂಢರಿನಾಥ, ಎಗ್ಮೋರಿನ ಒಂದು ವಿಮಾ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಮನೆಯಲ್ಲಿ ನಾನು, ಹೆಂಡತಿ ಜಯಲಕ್ಷ್ಮಿ, ಮಗಳು ಊರ್ಮಿಳಾ. ಕಲರ್ ಟೀವಿ ಮೊದಲೇ ಇತ್ತು. ದುಬೈಯಿಂದ ಬಂದ ಭಾವಮೈದುನ ಒಂದು ವೀಡಿಯೋ ಡೆಕ್ ತಂದುಕೊಟ್ಟ. ಟೀವಿಯ ಪುಟ್ಟ ಸ್ಪೀಕರಿನಲ್ಲಿ ಸಿನಿಮಾ ಕೇಳುವುದೆಂದರೆ ಕೀಲಿಕೈ ತೂತಿನಲ್ಲಿ ತೇರು ನೋಡಿದ ಹಾಗೆ ಎಂದು ನನಗನ್ನಿಸಿ, ಒಂದು ಆಂಪ್ಲಿಫೈಯರ್ ಕೊಂಡು, ಬಡಗಿಯನ್ನು ಕರೆಸಿ, ನನ್ನ ಎದೆಮಟ್ಟದ ಎರಡು ಸ್ಪೀಕರ್ ಪೆಟ್ಟಿಗೆ ಮಾಡಿಸಿದೆ. ಅವು ಒಳಗೆ ಬಂದದ್ದೇ ಜಯಲಕ್ಷ್ಮಿಯ ಪಾತ್ರೆ ಬೀರು ಬಾಲ್ಕನಿಗೆ ಹೋಯಿತು.

"ಮನೇಲಿ ಇಬ್ಬರು ದ್ವಾರಪಾಲಕರು ನಿಂತ ಹಾಗಿದೆ. ದೇವರೇ ಇಲ್ಲ ಅಷ್ಟೆ" ಎಂದಳು.

"ಟ್ರೆಬಲ್ ಸ್ವಲ್ಪ ಸಾಲದು" ಎಂದೆ ನಾನು.

"ಟ್ರಬಲ್‌ಗೇನು, ರೊಂಬ ಇದೆ, ಬೇಕಾದಷ್ಟು."

ಏನೇ ಅನ್ನಲಿ, ಬೀದಿಯಲ್ಲಿ ನನ್ನ ಕೀರ್ತಿ ಹಬ್ಬಿತು. ಕ್ಯಾಸೆಟ್ ತಂದವರೆಲ್ಲ ಮೊದಲು ನಮ್ಮ ಮನೆಯ ನ್ಯಾಯಪೀಠಕ್ಕೆ ಬರುತ್ತಿದ್ದರು. ನಾನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, ಕಣ್ಣು ತೆರೆದು ಸ್ವಲ್ಪ ಹೊತ್ತು ನೋಡಿ, ತೀರ್ಪು ಕೊಡುತ್ತಿದ್ದೆ: "ಥಿಯೇಟರಿನಲ್ಲಿ ಕದ್ದು ತೆಗೆದ ಪ್ರಿಂಟು. ವಾಪಸ್ ಕೊಡಿ." ಅವರು ತಲೆತಗ್ಗಿಸಿ ಹೋಗಿ, ತಮ್ಮ ಮನೆಯಲ್ಲಿ ಅದನ್ನೇ ಹಾಕಿಕೊಂಡು ಸಂತೋಷವಾಗಿ ನೋಡುತ್ತಿದ್ದರು ಎಂದು ಆಮೇಲೆ ತಿಳಿಯಿತು. (ನಾನು ಹುಟ್ಟಿದ್ದು ಶ್ರವಣ ನಕ್ಷತ್ರದಲ್ಲಿ. ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.)

ಮಾರನೇ ವರ್ಷ ಕಷ್ಟ ಶುರುವಾಯಿತು. ಬರುವ ಕ್ಯಾಸೆಟ್ಟುಗಳ ಸೌಂಡು ದಿನೇದಿನೇ ಕೆಡತೊಡಗಿತು. ಹೊಡೆದಾಟ ಕೇಳುತ್ತಿತ್ತು, ಕುದುರೆ ಓಡುವುದು ಕೇಳುತ್ತಿತ್ತು. ಮಾತು ಮಾತ್ರ ಮುದ್ದೆ. ಅದರಲ್ಲೂ ನಾಯಕಿ ಬಾಯಿ ತೆರೆದರೆ ಬಾಯಲ್ಲಿ ಅವಲಕ್ಕಿ ತುಂಬಿಕೊಂಡು ಮಾತಾಡಿದ ಹಾಗೆ. ಸ್ಪಿರಿಟ್ ಹಾಕಿ ಡೆಕ್ಕಿನ ಹೆಡ್ ಒರೆಸಿದೆ. ವೈರು ಬದಲಾಯಿಸಿದೆ. ಕ್ಯಾಸೆಟ್ ಲೈಬ್ರರಿಯವನ ಜೊತೆ ಜಗಳವಾಡಿದೆ. ಅವನು, "ಸಾರ್, ಇದೇ ಕ್ಯಾಸೆಟ್ಟು ಎಲ್ಲರೂ ನೋಡಿದಾರೆ, ಯಾರೂ ಕಂಪ್ಲೇಂಟ್ ಮಾಡಿಲ್ಲ" ಎಂದ. ಜನರ ಅಭಿರುಚಿ ಇಷ್ಟು ಕೆಳಗಿಳಿಯಿತೇ ಎಂದು ಮರುಗುತ್ತಾ ಮನೆಗೆ ಬಂದೆ.

ಕಚೇರಿಯ ಗುಂಡಣ್ಣ ಒಂದು ಉಪಾಯ ಹೇಳಿದ. ಮೊಟ್ಟೆ ಜೋಡಿಸಿಡುವ ರಟ್ಟಿನ ತಟ್ಟೆ ಇರುತ್ತದಲ್ಲ, ಅದನ್ನು ಗೋಡೆತುಂಬ ಹೊಡೆದರೆ ಮಾರ್ದನಿ ನಿಂತು ಮಾತು ಸ್ಪಷ್ಟವಾಗುತ್ತದಂತೆ. ಸಂಜೆಯೇ ಒಂದು ಹೊರೆ ತಂದೆ. ನಮ್ಮದು ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮಾಧ್ವರ ಮನೆ.

"ರಾಯರ ಪಟದ ಎದುರಿಗೆ ಮೊಟ್ಟೆ ತಟ್ಟೆಯೇನ್ರೀ?" ಜಯಲಕ್ಷ್ಮಿ ಬಾಗಿಲಲ್ಲೇ ತಡೆದಳು.

"ಖಾಲಿ ತಟ್ಟೆ ಕಣೇ!"

"ಮೊದಲು ಖಾಲಿ ಇತ್ತೇನು?"

ಕೊನೆಗೆ ರಾಯರ ಪಟ ಅಡುಗೆಮನೆಗೆ ಹೋಯಿತು, ತಟ್ಟೆಗಳು ಗೋಡೆಗೆ ಬಂದವು. ಮಾತು ಸ್ಪಷ್ಟವಾಗಲಿಲ್ಲ. ನಾನು ವಾಲ್ಯೂಮ್ ಏರಿಸಿದೆ. ಕೆಳಗಿನ ಮನೆಯವರು ಮೆಟ್ಟಿಲ ಮೇಲೆ ನಿಂತು, "ಸಾರ್, ಸತ್ತಂ ಕೊಂಜಂ ಕಮ್ಮಿ ಪಣ್ಣುಂಗೋ!" ಎಂದು, ಸದ್ದು ಸ್ವಲ್ಪ ಕಮ್ಮಿ ಮಾಡಿ ಅಂತ ತಮಿಳಿನಲ್ಲಿ ಕೂಗುತ್ತಿದ್ದರಂತೆ. ಅದೂ ನನಗೆ ಜಯಲಕ್ಷ್ಮಿ ಹೇಳಿ ಗೊತ್ತಾಗಬೇಕು.

ಆ ದಿನಗಳಲ್ಲಿ ಅವಳೂ ಬದಲಾದಳು ಅನ್ನಿಸಿತ್ತು. ಮಾತು ಕಡಿಮೆಯಾಗಿ ಗೊಣಗಾಟ ಹೆಚ್ಚಾಗಿತ್ತು. ತಟ್ಟೆಯ ಕೋಪ, ತಾನಾಗಿ ಇಳಿಯುತ್ತದೆ ಎಂದು ನಾನೂ ಕೆದಕಲಿಲ್ಲ. ಅವಳು ಏನಾದರೂ ಗೊಣಗಿದರೆ "ಹೂಂ" ಎನ್ನುತ್ತಿದ್ದೆ. ಸಂಸಾರದಲ್ಲಿ ಆ ಒಂದಕ್ಷರಕ್ಕೆ ಎಷ್ಟು ಬೆಲೆಯಿದೆ ಎಂಬುದು ಮದುವೆಯಾದವರಿಗೆ ಗೊತ್ತು.

ಆ ಹೊತ್ತಿಗೆ ಊರ್ಮಿಳೆಗೆ ಒಂದು ಸಂಬಂಧ ಬಂತು. ಹುಡುಗ ಸುರೇಶ್, ಗಿಂಡಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ತಂದೆ ಮಧ್ವರಾಜರು ಬ್ಯಾಂಕಿನಿಂದ ನಿವೃತ್ತರಾದವರು, ತಾಯಿ ರತ್ನಾವತಿ. ಒಳ್ಳೆಯ ಜನ. ನೋಡಿ ಹೋದರು, ಒಪ್ಪಿದರು. ಊರ್ಮಿಳಾ ಮಾತ್ರ ಏನೂ ಹೇಳಲಿಲ್ಲ. ನಮ್ಮ ಹುಡುಗಿ ಮೊದಲೇ ಮೆಲುದನಿಯವಳು. ಕೇಳಿದ ಪ್ರಶ್ನೆಗೆ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ, ಅದೂ ನೆಲಕ್ಕೆ ಉತ್ತರ ಕೊಡುವವಳು.

ಒಂದು ಸಂಜೆ ನಾನು ಹೊಸ ಕ್ಯಾಸೆಟ್ ಹಾಕಿಕೊಂಡು, ಟ್ರ್ಯಾಕಿಂಗ್ ಗುಂಡಿ ತಿರುಗಿಸುತ್ತಾ, ತೆರೆಯ ಕೆಳಗೆ ಬರುತ್ತಿದ್ದ ಬಿಳಿ ಗೆರೆಯನ್ನು ಓಡಿಸುತ್ತಿದ್ದೆ. ಊರ್ಮಿಳಾ ಬಂದು ಪಕ್ಕದಲ್ಲಿ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಏನೋ ಹೇಳತೊಡಗಿದಳು. ತುಂಬ ಹೊತ್ತೇ ಹೇಳಿದಳು. ತುಟಿ ಅಲುಗುತ್ತಿತ್ತು, ಕಣ್ಣು ತುಂಬುತ್ತಿತ್ತು. ಸುರೇಶನ ಹೆಸರು ಒಮ್ಮೆ ಕಿವಿಗೆ ಬಿದ್ದ ಹಾಗಾಯಿತು. ನಾಚಿಕೆಯ ಹುಡುಗಿ, ಒಪ್ಪಿಗೆ ಹೇಳುವುದಕ್ಕೆ ಇಷ್ಟು ಒದ್ದಾಡುತ್ತಿದೆ ಎಂದು ನನ್ನ ಕರುಳು ಕರಗಿತು. ತಲೆ ಸವರಿ ಹೇಳಿದೆ:

"ಆಗಲಿ ಕಣಮ್ಮ. ನಿನ್ನ ಇಷ್ಟದ ಹಾಗೇ ಆಗಲಿ."

ಅವಳು ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಅಂಥ ಸಂಜೆ ನನ್ನ ಜೀವನದಲ್ಲಿ ಹೆಚ್ಚು ಬಂದಿರಲಿಲ್ಲ.

ಅವಳು ಅಡುಗೆಮನೆಗೆ ಹೋಗಿ ತಾಯಿಗೆ "ಅಪ್ಪ ಒಪ್ಪಿದರು" ಎಂದಳು. ಆಮೇಲೆ ನಾನು ಹೋಗಿ "ಊರ್ಮಿಳಾ ಒಪ್ಪಿದಳು" ಎಂದೆ. ಇಬ್ಬರೂ ಒಪ್ಪಿದ ಮೇಲೆ ಜಯಲಕ್ಷ್ಮಿ ಇನ್ನೇನು ಕೇಳಬೇಕು? ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನೇ ಮಧ್ವರಾಜರ ಮನೆಗೆ ಹೋಗಿ, ಭಾನುವಾರ ತಾಂಬೂಲ ಬದಲಾಯಿಸೋಣ ಎಂದು ಕರೆದು ಬಂದೆ. ಭಾನುವಾರ ಅವರು ಬರುತ್ತಾರೆಂದು ಕೇಳಿದ ಊರ್ಮಿಳಾ, ಅಪ್ಪ ಅವರಿಗೆ ಮುಖತಃ ಬೇಡವೆಂದು ಹೇಳಿ ಮರ್ಯಾದೆಯಿಂದ ಮುಗಿಸುತ್ತಾರೆ ಎಂದುಕೊಂಡಿದ್ದಳಂತೆ.

ಭಾನುವಾರ ಬೆಳಿಗ್ಗೆ ಅವರು ಬಂದರು. ಬೀಗರಾಗುವವರಿಗೆ ನನ್ನ ಸೌಂಡಿನ ವೈಭವ ತೋರಿಸಬೇಡವೇ? ಒಂದು ಪೌರಾಣಿಕ ಚಿತ್ರ ಹಾಕಿದ್ದೆ. ತೆರೆಯ ಮೇಲೆ ಯುದ್ಧ ನಡೆಯುತ್ತಿತ್ತು. ಕಾಫಿ ಲೋಟಗಳು ತಟ್ಟೆಯಲ್ಲಿ ತಾವಾಗಿ ನಡುಗುತ್ತಿದ್ದವು. ರತ್ನಾವತಿಯವರು ಹಣ್ಣುಹೂವಿನ ತಟ್ಟೆ ಹಿಡಿದು ಎದ್ದು ನಿಂತರು. ಕುಂಕುಮದ ಬಟ್ಟಲು ತೆಗೆದರು. ಆಗ ಒಳಗಿನಿಂದ ಬಂದ ಊರ್ಮಿಳಾ ತಟ್ಟೆ ನೋಡಿ ಗಕ್ಕನೆ ನಿಂತಳು. ನನ್ನ ಹತ್ತಿರ ಬಂದು ಏನೋ ಕೇಳಿದಳು.

"ಹೌದಮ್ಮ, ಕಮ್ಮಿ ಮಾಡಿದರೆ ಮಾತು ಕೇಳಿಸೋದಿಲ್ಲ" ಎಂದೆ.

ಅವಳ ಮುಖ ಬಿಳಿಚಿಕೊಂಡಿತು. ಇನ್ನೊಮ್ಮೆ ಏನೋ ಹೇಳಿದಳು.

"ಬಾಸ್ ಜಾಸ್ತಿ ಆಯ್ತು ಅಂತೀಯಾ?"

ಸುರೇಶ್ ಎದ್ದು ಹೋಗಿ ಆಂಪ್ಲಿಫೈಯರ್ ಆರಿಸಿದ. ಮನೆಯೆಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನಮ್ಮ ಮೆಲುದನಿಯ ಹುಡುಗಿ, ಹುಟ್ಟಿದಮೇಲೆ ಮೊದಲ ಸಲ, ಕೂಗಿದಳು.

"ನಾನ್ ವೇಣಾಂನು ಸೊನ್ನೇನೇ ಅಪ್ಪಾ! ಅವತ್ತೇ ಬೇಡ ಅಂತ ಹೇಳಿದೆನಲ್ಲಪ್ಪಾ! ನೀವು ಆಗಲಿ ಅಂದ್ರಲ್ಲ!"

ಅದು ಕೇಳಿಸಿತು.

ರತ್ನಾವತಿಯವರ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ನಿಂತಿತ್ತು. ಜಯಲಕ್ಷ್ಮಿ ಗೋಡೆಗೆ ಒರಗಿದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಪ್ರಿಂಟು ಸರಿಯಿಲ್ಲ, ಸೌಂಡು ಸರಿಯಿಲ್ಲ ಎಂದೇನೋ ತೊದಲಿರಬೇಕು. ಮಧ್ವರಾಜರು ನಿಧಾನವಾಗಿ ಎದ್ದು ನನ್ನ ಪಕ್ಕಕ್ಕೆ ಬಂದರು. ಅವರ ಜುಬ್ಬದ ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು ಇತ್ತು. ಕ್ರಿಕೆಟ್ ಕಾಮೆಂಟರಿ ಕೇಳುವ ಟ್ರಾನ್ಸಿಸ್ಟರ್ ಎಂದು ತಿಳಿದು, ಹೆಣ್ಣು ನೋಡಲು ಬಂದ ದಿನ ನಾನು ಅವರನ್ನು ಸ್ಕೋರು ಕೂಡ ಕೇಳಿದ್ದೆ.

"ರಾಯರೇ," ಎಂದರು ಗಟ್ಟಿಯಾಗಿ, ನಿಧಾನವಾಗಿ, "ನಿಮ್ಮ ಸ್ಪೀಕರಿಗೆ ಏನೂ ಆಗಿಲ್ಲ. ನನಗೂ ಮೊದಮೊದಲು ರೇಡಿಯೋ ಕೆಟ್ಟಿದೆ ಅಂತಲೇ ಅನ್ನಿಸಿತ್ತು. ಎರಡು ರೇಡಿಯೋ ಬದಲಾಯಿಸಿದೆ."

ತಟ್ಟೆಯನ್ನು ತಾವೇ ಎತ್ತಿಕೊಂಡರು. ಹೊರಡುವಾಗ ಅದರಿಂದ ಮಲ್ಲಿಗೆಯ ಮಾಲೆ ತೆಗೆದು ಊರ್ಮಿಳೆಗೆ ಕೊಡಿಸಿ, "ಮುಡಿದುಕೋ ಮಗೂ, ಹೂವಿಗೂ ಇದಕ್ಕೂ ಸಂಬಂಧವಿಲ್ಲ" ಎಂದರು. ಬೈದು ಹೋಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಅವರು ಹೋದಮೇಲೆ ನಾನು ಮಗಳ ಎದುರಿಗೆ ಕುರ್ಚಿ ಎಳೆದುಕೊಂಡು, ಮುಖಕ್ಕೆ ಮುಖ ಕೊಟ್ಟು ಕೂತೆ.

"ಈಗ ಹೇಳಮ್ಮ. ಅವತ್ತು ಏನೇನು ಹೇಳಿದೆಯೋ ಎಲ್ಲ ಹೇಳು. ಟೀವಿ ಹಾಕೋದಿಲ್ಲ."

ಅವಳು ನನಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು. "ಬ್ಯಾಂಕ್ ಪರೀಕ್ಷೆ ಪಾಸಾಗಿದೆ ಅಪ್ಪಾ. ತಿರುಚ್ಚೀಲಿ ಕೆಲಸ. ಹೋಗ್ಬೇಕು ಅಂತ ಆಸೆ."

"ಅಷ್ಟೇನಾ? ಅವತ್ತು ತುಂಬ ಹೊತ್ತು ಹೇಳಿದೆಯಲ್ಲ?"

"ಅದೆಲ್ಲ ಮನಸ್ಸಿನಲ್ಲೇ ಹೇಳಿ ಹೇಳಿ ನೋಡ್ಕೊಂಡು ಬಂದಿದ್ದೆ. ಇನ್ನೊಂದು ಸಲ ವರಾದಪ್ಪಾ, ಬಾಯಿಗೆ ಬರಲ್ಲ. ಬಿಟ್ಬಿಡಿ." ಎದ್ದು ಒಳಗೆ ಹೋದಳು.

ನಾನು ಎಷ್ಟೋ ಕ್ಯಾಸೆಟ್ಟುಗಳನ್ನು ಹಿಂದಕ್ಕೆ ಸುತ್ತಿ ಸುತ್ತಿ, ಒಂದೊಂದು ಮಾತನ್ನೂ ಮತ್ತೆ ಮತ್ತೆ ಕೇಳಿದವನು. ಅವಳ ಆ ಸಂಜೆಯ ಮಾತು ಇಂದಿಗೂ ನನಗೆ ಗೊತ್ತಿಲ್ಲ.

ಎಗ್ಮೋರಿನ ಡಾಕ್ಟರು ಕಿವಿಗೆ ಹೆಡ್‌ಫೋನು ಹಾಕಿ ಪರೀಕ್ಷೆ ಮಾಡಿದರು. ಆ ಹೆಡ್‌ಫೋನಿನ ಸೌಂಡೂ ಸರಿಯಿಲ್ಲ ಎಂದು ಹೇಳಬೇಕೆನ್ನಿಸಿತು, ನಾಲಿಗೆ ಕಚ್ಚಿಕೊಂಡೆ. ನರ ಸೋತಿದೆಯಂತೆ. ನಮ್ಮಪ್ಪನಿಗೂ ಇದೇ ವಯಸ್ಸಿನಲ್ಲಿ ಬಂದಿತ್ತು. "ಸಣ್ಣ ದನಿಗಳು, ಹೆಂಗಸರ ದನಿಗಳು ಮೊದಲು ಹೋಗುತ್ತವೆ. ಎಷ್ಟೋ ಗಂಡಸರಿಗೆ ಅದು ಗೊತ್ತಾಗುವುದೇ ಇಲ್ಲ" ಎಂದರು ಡಾಕ್ಟರು. ಪಕ್ಕದಲ್ಲಿ ಕೂತಿದ್ದ ಜಯಲಕ್ಷ್ಮಿ, ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು.

ನನ್ನ ಜೇಬಿಗೂ ಕಿವಿ ಕೇಳಿಸುವ ಒಂದು ಡಬ್ಬಿ, ಕಿವಿಗೂ ಒಂದು ವೈರು ಬಂದವು. ಮನೆಗೆ ಬಂದು ಡೆಕ್ ಹಾಕಿದೆ, ಎಂದಿನ ವಾಲ್ಯೂಮಿನಲ್ಲಿ. ಕುರ್ಚಿಯಿಂದ ಹಾರಿಬಿದ್ದೆ. ಇಷ್ಟು ದಿನ ಈ ಗರ್ಜನೆಯ ನಡುವೆ ಇಬ್ಬರು ಹೆಂಗಸರು ಅಡುಗೆ ಮಾಡಿ, ಪರೀಕ್ಷೆಗೆ ಓದಿ, ನನ್ನೊಡನೆ ಬಾಳಿದ್ದರು. ಆ ವಾರವೇ ಮೊಟ್ಟೆ ತಟ್ಟೆ ಕಿತ್ತು, ರಾಯರ ಪಟವನ್ನು ಮತ್ತೆ ಅದರ ಜಾಗಕ್ಕೆ ತಂದೆ.

ಜಯಲಕ್ಷ್ಮಿ ಮಾತ್ರ ಪೂರ್ತಿ ಮೌನವಾದಳು. ಗೊಣಗಾಟವೂ ನಿಂತಿತು. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನಾಯಿತೇ? ಈಗ ನನಗೆ ಕೇಳುತ್ತೆ, ಮಾತಾಡೇ" ಎಂದೆ.

"ಅದೇ ತೊಂದರೆ," ಎಂದಳು, ಒಗ್ಗರಣೆಯಿಂದ ಕಣ್ಣೆತ್ತದೆ. "ನಿಮಗೆ ಕೇಳ್ಸಲ್ಲ ಅಂತ ನನಗೆ ಎಂದೋ ಗೊತ್ತಾಗಿತ್ತು. ನಿಮ್ಮ ಹಿಂದೆ ನಿಂತು ಮನಸ್ಸಿಗೆ ಬಂದದ್ದೆಲ್ಲ ಹೇಳ್ಕೋತಿದ್ದೆ. ಹೊಟ್ಟೆ ಹಗುರಾಗ್ತಿತ್ತು. ನೀವೂ ಎಷ್ಟು ಚೆನ್ನಾಗಿ ಹೂಂ ಅಂತಿದ್ರಿ! ಈಗ ನಿಮಗೆ ಕಿವಿ ಬಂತು, ನನಗೆ ಬಾಯಿ ಹೋಯಿತು."

ಡಬ್ಬಿಯಲ್ಲಿ ಒಗ್ಗರಣೆ ಸಿಡಿಯುವುದು ಪಟಾಕಿಯ ಹಾಗೆ ಕೇಳಿಸುತ್ತಿತ್ತು.

ಜೂನಿನಲ್ಲಿ ಊರ್ಮಿಳಾ ತಿರುಚ್ಚಿಗೆ ಹೊರಟಳು. ಎಗ್ಮೋರ್ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಗಾಡಿ. ಕೂಲಿಗಳ ಕೂಗು, ಕಾಫಿಯವರ ಕೂಗು, ಮೈಕಿನ ಕೂಗು. ಆ ಡಬ್ಬಿಗೆ ಭೇದವಿಲ್ಲ, ಬೇಕಾದ್ದು ಬೇಡದ್ದು ಎಲ್ಲವನ್ನೂ ಒಂದೇ ಸಮ ಕಿವಿಗೆ ಸುರಿಯುತ್ತದೆ. ತಲೆ ಒಡೆಯುವಂತಾಗಿ, ಸ್ವಲ್ಪ ಹೊತ್ತು ಇರಲಿ ಎಂದು ಜೇಬಿನಲ್ಲಿ ಗುಂಡಿ ಆರಿಸಿದೆ. ಆಹಾ, ಎಂಥ ನೆಮ್ಮದಿ! ಮಗಳನ್ನು ಕಣ್ತುಂಬ ನೋಡುತ್ತಾ ನಿಂತೆ. ಕಿಟಕಿಯ ಸರಳು ಹಿಡಿದು ಅವಳು ಏನೋ ಹೇಳಿದಳು. ಕಣ್ಣು ಒದ್ದೆಯಾಗಿತ್ತು. ಇನ್ನೊಮ್ಮೆ ಹೇಳಿದಳು. ನಾನು ತಲೆ ಆಡಿಸುತ್ತಿದ್ದೆ. ಅವಳು ನನ್ನ ಜೇಬಿನ ಕಡೆ ನೋಡಿದಳು, ಮುಖ ನೋಡಿದಳು, ಆಮೇಲೆ ಇಡೀ ಪ್ಲಾಟ್‌ಫಾರಂ ತಿರುಗಿ ನೋಡುವಂತೆ ಕೂಗಿದಳು:

"ಅಪ್ಪಾ, ಮೆಷಿನ್ ಆನ್ ಪಣ್ಣುಂಗೋ!"

ಪಕ್ಕದ ಕಿಟಕಿಯವರು ನಕ್ಕರು. ಕಾಫಿಯವನು ನಕ್ಕ. ನಾನು ಗಡಿಬಿಡಿಯಲ್ಲಿ ಜೇಬಿಗೆ ಕೈ ಹಾಕಿ, ಗುಂಡಿ ಹುಡುಕಿ, ತಿರುಗಿಸುವ ಹೊತ್ತಿಗೆ ಗಾಡಿ ಹೊರಟಿತ್ತು. ಒಂದೊಂದು ಗಾಲಿಯ ಸದ್ದೂ ಬಿಡಿಬಿಡಿಯಾಗಿ, ಬಹಳ ಸ್ಪಷ್ಟವಾಗಿ ಕೇಳಿಸಿತು.

ಗಾಡಿ ಮರೆಯಾದ ಮೇಲೆ ಜಯಲಕ್ಷ್ಮಿಯನ್ನು ಕೇಳಿದೆ: "ಮೊದಲು ಏನು ಹೇಳಿದಳು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಿವಿಗೆ ಹತ್ತಿರ ಬಂದು ಹೇಳಿದಳು:

"'ಅಪ್ಪಾ, ನಿಮಗೆ ಈಗ ಚೆನ್ನಾಗಿ ಕೇಳಿಸುತ್ತೆ, ಇನ್ನು ನನಗೆ ಯೋಚನೆಯಿಲ್ಲ' ಅಂದಳು."