ಬಾಣಂತಿ ಕೋಣೆಯ ಹೂವಿನ ಗಿಡ

ಅಜ್ಜಿಯಾದ ಮೇಲೆ ಮನುಷ್ಯರಿಗೆ ಬುದ್ಧಿ ಸ್ವಲ್ಪ ಕಡಿಮೆಯಾಗುತ್ತದೆ ಅಂತ ನನಗೆ ಅನುಮಾನ. ಮೊಮ್ಮಗಳು ಹುಟ್ಟಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಬೆಂಗಳೂರಿನ ಮರ್ಫಿ ಟೌನಿನ ನಮ್ಮ ಗಲ್ಲಿಗೆ ಬರುವ ತರಕಾರಿಯವನಿಗೂ ಅವಳ ಮೂಗಿನ ವರ್ಣನೆ ಬಾಯಿಪಾಠ. ಈಗ ನನ್ನನ್ನು ಕಂಡರೆ ಅವನು ಗಾಡಿ ಜೋರಾಗಿ ತಳ್ಳುತ್ತಾನೆ.

ಮಗಳು ಕೂಸನ್ನೆತ್ತಿಕೊಂಡು ಬಾಣಂತನಕ್ಕೆ ಬಂದ ದಿನ, ಅಳಿಯ ಒಂದು ಹೂವಿನ ಕುಂಡವನ್ನೂ ತಂದರು. ಎಣ್ಣೆ ಸವರಿದ ಹಾಗೆ ಮಿಂಚುವ ಕೆಂಪು ಹೂವು. ಪ್ಲಾಸ್ಟಿಕ್ಕು ಅಂದುಕೊಂಡು ಸೋಪು ಹಚ್ಚಿ ಒರೆಸಲು ಹೋಗಿದ್ದೆ. "ಅತ್ತಿ, ಜೀವ ಇರೋ ಗಿಡರೀ ಅದು. ಮನಿ ಒಳಗ ಇಡೋದು. ಕೂಸಿನ ಜೋಡಿ ಇದೂ ಬೆಳೀಲಿ," ಅಂದರು. ಅವರು ಹೊರಟುಹೋದರು, ಮಾತು ಮಾತ್ರ ನನ್ನ ಎದೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಸ್ವಲ್ಪ ದಿನಕ್ಕೇ ಹೂವು ಕಂದಿ, ಎಲೆ ಹಳದಿಯಾಗಿ ಜೋತುಬಿತ್ತು. ಕೂಸಿನ ಜೋಡಿ ಬೆಳೆಯಬೇಕಾದ್ದೇ ಹೀಗಾದರೆ ಯಾವ ಅಜ್ಜಿಗೆ ನಿದ್ದೆ ಬರುತ್ತದೆ? ತೊಟ್ಟಿಲ ಕಾರ್ಯಕ್ಕೆ ಬರುವ ಅಳಿಯನಿಗೆ ಏನು ತೋರಿಸಲಿ?

ನಾನು ಶಾಲೆ ಕಲಿತವಳಲ್ಲ. ಕಲಿತ ವಿದ್ಯೆ ಬಾಣಂತನ ಒಂದೇ, ಅದನ್ನೇ ಗಿಡಕ್ಕೂ ಮಾಡಿದೆ. ಗಾಳಿ ಸೋಕದ ಹಾಗೆ ಮಗಳ ಮಂಚದ ಪಕ್ಕ ಇಟ್ಟೆ. ಕಿಟಕಿ ಹೇಗೂ ಮುಚ್ಚಿತ್ತು, ಅದರ ಮೇಲೊಂದು ಕಂಬಳಿ ಬೇರೆ. ಕೂಸಿಗೆ ಲೋಬಾನದ ಹೊಗೆ ಹಿಡಿದ ಮೇಲೆ ಅದೇ ಕೆಂಡ ಗಿಡದ ಕಡೆಗೂ ತಿರುಗಿಸಿದೆ. ದೃಷ್ಟಿಗೆ ಕುಂಡದ ಮೇಲೊಂದು ಕಪ್ಪು ಬೊಟ್ಟು. ಮಗಳ ತಲೆಗೆ ಕಟ್ಟಿದ ಹಾಗೆ ಕುಂಡಕ್ಕೂ ಹಳೇ ಸ್ಕಾರ್ಫ್ ಸುತ್ತುವುದನ್ನು ನೋಡಿ ಅವಳು, "ಯವ್ವಾ, ಹಾಲು ಬರ್ಲಿ ಅಂತ ಅದಕ್ಕೂ ಸಬ್ಬಸಗಿ ಪಲ್ಯ ತಿನಸ್ತಿಯೇನು?" ಅಂದಳು. ನಾನು ಮುಖ ಊದಿಸಿಕೊಂಡೆ. ಸಬ್ಬಸಿಗೆ ತೊಳೆದ ನೀರು ಹಾಕಿ ಆಗಲೇ ಮುಗಿದಿತ್ತು.

ಒಂದು ದಿನ ಮನೆ ಓನರಮ್ಮ ಕೂಸು ನೋಡಲು ಬಂದವರು ಬಾಗಿಲಲ್ಲೇ ಕೆಮ್ಮಿದರು. "ಏನ್ರೀ ಇದು, ಇಷ್ಟು ಹೊಗೆಗೆ ಗಿಡ ಎಲ್ಲಿ ಉಳಿಯುತ್ತೆ? ಬೆಳಕು ಬೇಕಲ್ವಾ, ಗಾಳಿ ಬೇಕಲ್ವಾ?"

ನಾನು ಹಾರಿ ಹೋಗಿ ಕಂಬಳಿ ಕಿತ್ತೆ, ಕಿಟಕಿಯ ಒಂದು ಬಾಗಿಲು ತೆಗೆದೆ, ಕುಂಡವನ್ನು ಅದರ ಹತ್ತಿರ ಸರಿಸಿದೆ. ಹಿಂದಿನಿಂದ ಮಗಳ ದನಿ ಬಂತು. "ನಾ ಬಂದಾಗಿಂದ ಕಿಟಕಿ ತಗಿ, ಕಿಟಕಿ ತಗಿ ಅಂತ ಬಡ್ಕೊಂಡೆ. ಆ ಗಿಡ ಬಾಯಿ ಬಿಡದೇ ತಗಸ್ತು ನೋಡು."

"ನೀ ಎಲ್ಲಿ ಹಳದಿ ಆಗಿದ್ದಿ?" ಅಂದೆ.

ಮೂರನೇ ತಿಂಗಳು ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಎಲೆಗಳ ನಡುವೆ ಕೆಂಪು ಮೂತಿಯೊಂದು ಇಣುಕಿತ್ತು. ನಮ್ಮ ಕೂಸಿನ ಮೂಗಿನಷ್ಟೇ ಚಂದ. ಅಳಿಯ ಬಗ್ಗಿ ನೋಡಿ, "ಹೊಸಾ ಹೂ ಬಿಟ್ಟೈತಲ್ರೀ ಅತ್ತಿ! ಏನ್ ಹಾಕಿದ್ರಿ?" ಅಂದರು.

"ಎಲ್ಲಾ ಲೋಬಾನದ ಗುಣ," ಅಂದೆ.

ಮಗಳು ಎದ್ದು ಕಿಟಕಿಯ ಇನ್ನೊಂದು ಬಾಗಿಲನ್ನೂ ತಳ್ಳಿ, ತಲೆಯ ಸ್ಕಾರ್ಫ್ ಬಿಚ್ಚಿ ನನ್ನ ಕೈಗೆ ಕೊಟ್ಟು, ಕೂಸಿನ ಜೊತೆ ಗಿಡದ ಪಕ್ಕ ಕೂತಳು. ಗಾಳಿ ತಣ್ಣಗೆ ಒಳಗೆ ಬಂತು. ಕೂಸು ನಕ್ಕಿತು. ಸ್ಕಾರ್ಫನ್ನು ನಾನೇ ತಲೆಗೆ ಕಟ್ಟಿಕೊಂಡೆ.